ಒಗೆಯದ ಶರ್ಟಿನ ಮೇಲೆ ಮತದಾನ

ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳ ಮಂತ್ರಿಮಂಡಲ ಕದ್ರಿಯ ವೃದ್ಧಾಶ್ರಮಕ್ಕೆ ಹಳೆ ಬಟ್ಟೆ ಸಂಗ್ರಹಿಸುತ್ತಿತ್ತು. ತೀರಿಕೊಂಡ ನನ್ನ ಗಂಡನ ಶರ್ಟುಗಳನ್ನು ನಾನೂ ಒಯ್ದಿದ್ದೆ. ಅವರು ಕೊನೆಗೆ ತೊಟ್ಟಿದ್ದ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಗೆದು ಇಸ್ತ್ರಿ ಮಾಡಿದ್ದೆ.

ಐದನೆಯ ತರಗತಿಯ ಆರೋಗ್ಯ ಮಂತ್ರಿ ಅದನ್ನೇ ಎತ್ತಿ ಮೂಸಿದಳು. "ಇದು ಒಗೆದದ್ದಲ್ಲ ಟೀಚರ್. ಒಗೆದು ತರಬೇಕು."

"ನನ್ನ ವಿರೋಧ ಉಂಟು," ಎಂದಳು ವಿರೋಧ ಪಕ್ಷದ ನಾಯಕಿ ಜೆನಿಟಾ. ಪ್ರತಿ ತೀರ್ಮಾನವನ್ನೂ ಒಮ್ಮೆ ಕಾರಣ ಕೊಟ್ಟು ವಿರೋಧಿಸಬೇಕೆಂದು ಕಲಿಸಿದವಳು ನಾನೇ.

"ಕಾರಣ ಎಂತ?" ಎಂದೆ.

"ಪಪ್ಪ ದುಬೈಗೆ ಹೋದರೆ ಮಮ್ಮಿ ಅವರ ಒಂದು ಶರ್ಟು ಒಗೆಯುವುದಿಲ್ಲ. ವಾಸನೆ ಹೋಗ್ತದಲ್ಲ."

"ನಿನ್ನ ಪಪ್ಪ ವಾಪಸ್ ಬರ್ತಾರೆ ಮಾರಾಯ್ತಿ," ಎಂದಳು ಮಂತ್ರಿ. "ಅಂಕಲ್ ಇನ್ನು ಬರ್ಲಿಕ್ಕಿಲ್ಲ."

"ಅದಕ್ಕೇ ಹೇಳಿದ್ದು. ಟೀಚರ್ ಮನೆಯಲ್ಲೇ ಇರಲಿ ಅದು."

ಕೈ ಎತ್ತಿಸಿದಾಗ ವಿರೋಧ ಪಕ್ಷ ಗೆದ್ದಿತು. ಮಾರ್ಚಿನಲ್ಲಿ ಆ ಮಂತ್ರಿಮಂಡಲ ವಿಸರ್ಜನೆಯಾಯಿತು. ಅದರ ಆದೇಶ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಜಾರಿಯಲ್ಲಿದೆ.