ಹುಸೇನಬಿ ಹಿಡಿದ ಕೈ

ಕನಸಿಗೆ ಅರ್ಥ ಇರುತ್ತದೆ ಎಂದು ನಂಬಿದವಳೇ ಅಲ್ಲ ನಾನು. ದೇವರನ್ನು ನಂಬುತ್ತೇನೆ, ಸೋಮವಾರ ಒಪ್ಪತ್ತು ಮಾಡುತ್ತೇನೆ, ಸಂಜೆ ದೇವರಿಗೆ ದೀಪ ಹಚ್ಚದೆ ಒಲೆ ಹಚ್ಚುವುದಿಲ್ಲ. ಆದರೆ ಪಕ್ಕದ ಮನೆಯ ಶಾಂತಕ್ಕ ಬಂದು, ಕನಸಿನಲ್ಲಿ ಹಲ್ಲು ಬಿತ್ತು, ಹಾವು ಬಂತು ಎಂದು ಅರ್ಥ ಕೇಳಿದರೆ, ಮಿರ್ಚಿ ಭಜಿ ಕಡಿಮೆ ತಿನ್ನು ಎಂದು ನಕ್ಕು ಕಳಿಸುತ್ತಿದ್ದೆ. ಈಗ ಹಾಗೆ ನಗಲು ಬಾಯಿ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐದು ವರ್ಷದ ಹಿಂದಿನ ಮಾತು. ನಮ್ಮದು ಚಿಕ್ಕೋಡಿ ಹತ್ತಿರದ ಕರೋಶಿ. ಒಬ್ಬಳೇ ಮಗಳು ಸುಜಾತಾಳನ್ನು ರಾಯಬಾಗಕ್ಕೆ ಕೊಟ್ಟಿದ್ದೇವೆ. ಆಗ ಅವಳಿಗೆ ಏಳು ತಿಂಗಳು, ಚೊಚ್ಚಲು. ಅಮಾವಾಸ್ಯೆ ಕಳೆದ ಮೇಲೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಕುಬಸ, ಅಂದರೆ ಸೀಮಂತ, ಮಾಡಿ ಕರೆತರುವುದೆಂದು ಬೀಗರೂ ನಾವೂ ಮಾತಾಡಿಕೊಂಡಿದ್ದೆವು. ದಿನವೂ ಫೋನಿನಲ್ಲಿ ಮಗಳ ಮುಖ ನೋಡುತ್ತಿದ್ದೆ. ಆರಾಮ ಇದ್ದೇನೆ ಅನ್ನುತ್ತಿದ್ದಳು. ನನಗೂ ಸಮಾಧಾನ.

ಒಂದು ಮಧ್ಯಾಹ್ನ ಊಟವಾಗಿ, ಎಮ್ಮೆಗಳಿಗೆ ನೀರು ಕುಡಿಸಿ ಬಂದು ಅಡ್ಡಾಗಿದ್ದೆ. ಕಣ್ಣು ಹತ್ತಿತು. ಕನಸಿನಲ್ಲಿ ಹುಸೇನಬಿ ಬಂದಳು. ಹುಸೇನಬಿ ಕುಡಚಿಯ ಬಳೆಗಾರ್ತಿ. ಹಿಂದೆ ತಿಂಗಳಿಗೊಮ್ಮೆ ಬುಟ್ಟಿ ಹೊತ್ತು ನಮ್ಮೂರಿಗೆ ಬರುತ್ತಿದ್ದಳು. ವಯಸ್ಸಾಗಿ ಬರುವುದು ಬಿಟ್ಟು ಎಂಟು ವರ್ಷವಾಗಿತ್ತು. ಕನಸಿನಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು, ಮೊದಲಿನ ಹಾಗೆಯೇ ಕೈ ಹಿಡಿದು, ಬೆರಳಿನ ಗೆಣ್ಣು ಒತ್ತಿ ಒತ್ತಿ ಹಸಿರು ಬಳೆ ಏರಿಸಲು ನೋಡುತ್ತಾಳೆ. ಬಳೆ ಏರುವುದಿಲ್ಲ. ಆಕೆ ಕೈ ಬಿಡುವುದೂ ಇಲ್ಲ. ಅಷ್ಟೇ ಕನಸು.

ಮೂರು ದಿನ ಬಿಟ್ಟು ಅದೇ ಬಂತು. ಆಗ ನನಗೆ ಒಂದು ಹಳೆಯ ತಪ್ಪು ನೆನಪಾಯಿತು. ಬಳೆ ಇಡಿಸಿಕೊಂಡ ಮೇಲೆ ಬಳೆಗಾರ್ತಿಗೆ ನಮಸ್ಕಾರ ಮಾಡುವುದು ನಮ್ಮಲ್ಲಿ ರೂಢಿ, ಆಕೆ ಯಾವ ಮತದವಳೇ ಇರಲಿ. ಹುಸೇನಬಿ ಕೊನೆಯ ಸಲ ಬಂದಾಗ ಒಳಗೆ ಹಾಲು ಉಕ್ಕಿತೆಂದು ನಾನು ಹಾಗೇ ಎದ್ದು ಓಡಿದ್ದೆ. ತಿರುಗಿ ಬರುವಷ್ಟರಲ್ಲಿ ಆಕೆ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಿದ್ದಳು. ಅದೇ ಬಾಕಿ ಉಳಿದು ಕಾಡುತ್ತಿದೆ ಎಂದುಕೊಂಡೆ. ಗುಡಿಯ ಸ್ವಾಮಿಗಳನ್ನು ಕೇಳಿದೆ. ಐದು ಜನ ಮುತ್ತೈದೆಯರಿಗೆ ಬಳೆ ಇಡಿಸು ಅಂದರು. ಇಡಿಸಿದೆ. ನಮ್ಮ ಮನೆಯವರು ನಕ್ಕರು.

"ನಿನಗ ಬಳಿ ಬೇಕಾಗಿದ್ರ ಸೀದಾ ಕೇಳಬೇಕಿಲ್ಲೊ, ಕನಸಿನ ನೆವ ಯಾಕ?"

ನಾನೂ ನಕ್ಕೆ. ಆ ವಾರವೇ ಮತ್ತೆ ಬಂದಳು ಹುಸೇನಬಿ. ಅದಾದ ಎರಡನೇ ದಿನ ಮತ್ತೆ. ಅದು ನಾಲ್ಕನೆಯ ಸಲ. ಆವತ್ತು ಕನಸಿನಲ್ಲೇ ನಾನು ಕೆಳಗೆ ನೋಡಿದೆ. ಆಕೆ ಹಿಡಿದದ್ದು ನನ್ನ ಕೈ ಆಗಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ ಇತ್ತು. ಚಿಕ್ಕಂದಿನಲ್ಲಿ ಸುಜಾತಾ ಕಾದ ರೊಟ್ಟಿ ಹಂಚು ಮುಟ್ಟಿ ಮಾಡಿಕೊಂಡ ಕಲೆ.

ಮರುದಿನ ಬೆಳಿಗ್ಗೆ ಯಾರಿಗೂ ಕಾರಣ ಹೇಳದೆ, ಮಗಳಿಗೆ ಬೆಣ್ಣೆ ಕೊಟ್ಟು ಬರುತ್ತೇನೆ ಎಂದು ಬಸ್ಸು ಹತ್ತಿದೆ. ನನ್ನನ್ನು ನೋಡಿ ಸುಜಾತಾ ಹಿಗ್ಗಿದಳು, ಆದರೆ ಕೈ ಮಾತ್ರ ಸೆರಗಿನೊಳಗೆ ಇಟ್ಟುಕೊಂಡಳು. ಕೈ ತೋರಿಸು ಅಂದೆ. ಬರಿಗೈ. ಗೆಣ್ಣು ಕಾಣದಷ್ಟು ಬಾತಿತ್ತು.

"ಬಿಗಿ ಆಗಿದ್ದೂ ಅವ್ವ. ಸಾಬಾಣ ಹಚ್ಚಿ ತಗದಿಟ್ಟೇನಿ. ಬಸರಾದಾಗ ಬರಿಗೈ ಅಂದ್ರ ನೀ ಬೈತಿದ್ದಿ, ಅದಕ ಹೇಳಲಿಲ್ಲ."

ಬೈಯುತ್ತಿದ್ದೆ, ಸುಳ್ಳಲ್ಲ. ನನ್ನ ಬೈಗುಳಕ್ಕೆ ಹೆದರಿ ತಲೆನೋವನ್ನೂ ಬಚ್ಚಿಟ್ಟಿದ್ದಳು, ಅದನ್ನು ಹೇಳಿದರೆ ಬಳೆಯ ಮಾತೂ ಬರುತ್ತದೆ ಎಂದು. ಅಳಿಯಂದಿರನ್ನು ಕರೆದುಕೊಂಡು ಆಗಿಂದಾಗಲೇ ದವಾಖಾನೆಗೆ ಹೋದೆವು. ಬಿಪಿ ಬಹಳ ಏರಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟವಿತ್ತು ಅಂದರು ಡಾಕ್ಟರಬಾಯಿ. ಕುಬಸ ಆಗಲೇ ಇಲ್ಲ. ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು, ಅಂಗೈಯಷ್ಟು. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಹತ್ತೊಂಬತ್ತನೆಯ ದಿನ ನನ್ನ ಮಡಿಲಿಗೆ ಬಂತು. ಬಂದದ್ದೇ ಸೀರೆ ತೋಯಿಸಿತು. ಆ ಒದ್ದೆಯನ್ನೂ ದೇವರ ಪ್ರಸಾದ ಎಂದುಕೊಂಡೆ.

ಬಾಣಂತನ ಮುಗಿದ ಮೇಲೆ ಒಂದು ಸೀರೆ, ಒಂದು ಡಬ್ಬಿ ಬುಂದಿ ಉಂಡೆ ತೆಗೆದುಕೊಂಡು ಕುಡಚಿಗೆ ಹೋದೆ. ಸ್ಟೇಷನ್ನಿನ ಹತ್ತಿರ ವಿಚಾರಿಸಿದರೆ ಮನೆ ಸಿಕ್ಕಿತು. ಹುಸೇನಬಿ ಹೊರಸಿನ ಮೇಲೆ ಕೂತಿದ್ದಳು, ಎರಡೂ ಕಣ್ಣು ಮಂಜು. ಕರೋಶಿ ಅಂದೆ, ನಮ್ಮ ಮನೆಯ ಗುರುತು ಹೇಳಿದೆ, ಮಾವನವರ ಹೆಸರು ಹೇಳಿದೆ. ಆಕೆಗೆ ಏನೂ ನೆನಪಾಗಲಿಲ್ಲ. ಕನಸಿನ ಮಾತನ್ನು ನಾನಿನ್ನೂ ಎತ್ತಿರಲೇ ಇಲ್ಲ.

"ಮಾರಿ ನೆನಪ ಉಳಿಯೂದಿಲ್ಲ ಬೇ, ಕೈ ಉಳೀತಾವ. ಕೊಡು ಇಲ್ಲೆ," ಅಂದಳು.

ಕೈ ಕೊಟ್ಟೆ. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಆಮೇಲೆ ಹೇಳಿದಳು:

"ಈ ಮನಿ ಕೈ ಹಿಡದೇನಿ ನಾ. ಇತ್ತಿತ್ಲಾಗ ಹಿಡದೇನಿ."

ಇಲ್ಲವ್ವ, ನೀನು ನಮ್ಮೂರಿಗೆ ಬಂದು ಎಂಟು ವರ್ಷವಾಯಿತು ಅಂದೆ. ಆಕೆ ತಲೆ ಅಲ್ಲಾಡಿಸಿದಳು. ಹಿಂದೆ ನಿಂತಿದ್ದ ಸೊಸೆ, ವಯಸ್ಸಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸನ್ನೆ ಮಾಡಿದಳು. ನಾನು ಬಗ್ಗಿ ಹುಸೇನಬಿಯ ಕಾಲಿಗೆ ನಮಸ್ಕಾರ ಮಾಡಿದೆ. ಅಂದು ಬಿಟ್ಟುಹೋದದ್ದು.

ಫೋನಿನಲ್ಲಿ ಮಗಳ ಮುಖ ಬಾತದ್ದನ್ನು ನೀವು ಗೊತ್ತಿಲ್ಲದೇ ಗಮನಿಸಿದ್ದಿರಿ, ಅದೇ ಕನಸಾಯಿತು ಎನ್ನುತ್ತಾರೆ ಅಳಿಯಂದಿರು. ಇರಬಹುದು, ಓದಿದವರು. ಆದರೆ ಕಾಣಿಸಿಕೊಳ್ಳಲು ಹುಸೇನಬಿಯೇ ಯಾಕೆ ಬೇಕಾಗಿತ್ತು? ನನಗೆ ತಿಳಿಯದು. ಆ ಕನಸು ಮತ್ತೆ ಬಂದಿಲ್ಲ. ಮೊಮ್ಮಗಳು ಈಗ ನನ್ನ ಬಳೆ ಎಣಿಸಿ ಎಣಿಸಿ ತಪ್ಪುತ್ತಾಳೆ.

ಆವತ್ತು ಕುಡಚಿಯಲ್ಲಿ, ಹಿಡಿದ ಆ ಕೈಗೆ ಕೊನೆಗೆ ಬಳೆ ಏರಿತೇ ಎಂದು ಹುಸೇನಬಿಯನ್ನು ಕೇಳಬೇಕೆಂದು ಬಾಗಿಲ ತನಕ ಬಂದವಳು ಒಮ್ಮೆ ತಿರುಗಿ ನಿಂತಿದ್ದೆ. ಕೇಳಲು ಧೈರ್ಯವಾಗಲಿಲ್ಲ.