ಗಾಯಾಳು ಕ್ರಿಮಿಗಳ ಲೆಕ್ಕ

ಹಾಲಿನ ಪುಡಿ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಚುಕ್ಕಿ ಅಕ್ಕ ಅಂತಲೇ ಕರೆಯುತ್ತಿದ್ದರು. ಗಾಜಿನ ತಟ್ಟೆಯಲ್ಲಿ ಕ್ರಿಮಿಗಳಿಗೆ ಉಣಿಸಿಟ್ಟು, ಒಂದೊಂದೂ ಬೆಳೆದು ಒಂದೊಂದು ಚುಕ್ಕಿಯಾದ ಮೇಲೆ ಎಣಿಸುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ಗಂಡ ಛೇಡಿಸುತ್ತಿದ್ದ: "ಮಗಳ ಬೆನ್ನಿಗೆ ಬೆವರುಸಾಲೆ ಎದ್ದರೂ ಪೌಡರ್ ಹಾಕೋಕೆ ಮೊದಲು ಎಣಿಸ್ತಾಳೆ ಇವಳು."

ಒಂದು ಬೆಳಿಗ್ಗೆ ಜೊತೆಗೆ ಕೆಲಸ ಮಾಡುವ ಅವಸರಪ್ಪ ತಟ್ಟೆ ಹಿಡಿದು ಕುಣಿಯುತ್ತ ಬಂದ. ಆ ಹೆಸರು ಇಟ್ಟವಳೂ ಅಕ್ಕನೇ.

"ಅಕ್ಕಾ, ಸೊನ್ನೆ! ಒಂದೂ ಚುಕ್ಕಿ ಇಲ್ಲ. ಕೂಸುಗಳ ಪುಡಿ ಲಾರಿ ಹತ್ತಬಹುದು. ಸಹಿನೂ ಹಾಕಿದೆ."

ಅಕ್ಕ ತಟ್ಟೆ ಬೆಳಕಿಗೆ ಹಿಡಿದಳು. "ನೇರ ಉಪ್ಪಿನ ತಟ್ಟೆಗೇ ಹಾಕಿದ್ಯಾ?"

"ಹೂಂ ಮತ್ತೆ. ಉಪ್ಪಿದ್ರೆ ಬೇರೆ ಕ್ರಿಮಿ ಬರಲ್ಲ, ನಮಗೆ ಬೇಕಾದ್ದು ಮಾತ್ರ ಏಳುತ್ತೆ ಅಂತ ನೀವೇ ಹೇಳಿದ್ರಿ."

"ಆರೋಗ್ಯವಾಗಿದ್ರೆ ಏಳ್ತವೆ ಕಣೋ. ಇವು ಹಾಲು ಪುಡಿ ಮಾಡೋ ಬಿಸಿಗಾಳೀಲಿ ಒಣಗಿ ಮೈಯೆಲ್ಲ ಗಾಯ ಮಾಡ್ಕೊಂಡು ಬಂದಿವೆ. ಅದರ ಮೇಲೆ ಉಪ್ಪು ತಿಕ್ಕಿದ್ಯಲ್ಲ!"

"ಏಳದಿದ್ರೆ ಒಳ್ಳೇದೇ ಅಲ್ವಾ? ಸತ್ತ ಹಾಗೇ."

"ಸತ್ತಿಲ್ಲ. ಬೂದಿ ಮುಚ್ಚಿದ ಕೆಂಡ. ಕೂಸಿನ ಬಾಟ್ಲಿಯ ಬೆಚ್ಚನೆ ಹಾಲು ಸಿಕ್ಕಲಿ, ಎದ್ದು ಕೂರ್ತವೆ."

ಮ್ಯಾನೇಜರ್ ಗಡಿಯಾರ ನೋಡುತ್ತ ಬಂದರು. "ಲಾರಿ ನಿಂತಿದೆಯಮ್ಮ."

"ನಾಡಿದ್ದು ಬೆಳಿಗ್ಗೆವರೆಗೂ ನಿಲ್ಲಲಿ ಸಾರ್."

"ನಿಮ್ಮದೂ ಸೊನ್ನೆ ಬಂದ್ರೆ?"

"ನನ್ನ ಕುರ್ಚಿ ಅವಸರಪ್ಪನಿಗೆ ಕೊಡಿ."

ಅಕ್ಕ ಅದೇ ಪುಡಿಯನ್ನು ಕರಗಿಸಿ, ಉಪ್ಪಿಲ್ಲದ ಸಪ್ಪೆ ತಟ್ಟೆಯ ಮೇಲೆ ಸವರಿ, ಬೆಚ್ಚನೆ ಪೆಟ್ಟಿಗೆಯಲ್ಲಿ ನಾಲ್ಕು ಗಂಟೆ ಇಟ್ಟಳು. ಕ್ರಿಮಿಗಳು ಬಿದ್ದಲ್ಲೇ ಮಲಗಿ ಸುಧಾರಿಸಿಕೊಂಡರೆ ಒಂದಕ್ಕೆ ಒಂದೇ ಚುಕ್ಕಿ. ಪುಡಿ ಕರಗಿಸಿದ ನೀರಿನಲ್ಲೇ ಹೆಚ್ಚು ಹೊತ್ತು ಬಿಟ್ಟರೆ ಮಕ್ಕಳು ಮರಿ ಮಾಡಿಕೊಂಡು ಲೆಕ್ಕ ಕೆಡಿಸುತ್ತವೆ ಅಂತ ಅವಳಿಗೆ ಗೊತ್ತು. ಆಮೇಲೆ ಉಪ್ಪಿನ ಪಾಕದ ಸೀಸೆಯನ್ನು ಮಣಿಕಟ್ಟಿಗೆ ತಾಗಿಸಿ, ಕೂಸಿನ ಹಾಲಿನಂತೆ ಬಿಸಿ ನೋಡಿ, ಬೇರೆ ಕ್ರಿಮಿ ಏಳದಂತೆ ಮೇಲೊಂದು ತೆಳು ಪದರ ಹೊಯ್ದು ಮತ್ತೆ ಪೆಟ್ಟಿಗೆಗೆ ಸೇರಿಸಿದಳು. ಪಕ್ಕದಲ್ಲಿ ಅವಸರಪ್ಪನ ರೀತಿಯದೂ ಒಂದು ತಟ್ಟೆ ಇಟ್ಟಳು.

ಮೂರನೇ ದಿನ ಅವನ ತಟ್ಟೆ ಬೋಳು. ಅಕ್ಕನದರಲ್ಲಿ ಮೂವತ್ತೇಳು ಚುಕ್ಕಿ. ಗಾಜಿನ ಹಿಂದೆ ಪೆನ್ನಿನಿಂದ ಗುರುತು ಹಾಕುತ್ತ ಮೂರು ಸಲ ಎಣಿಸಿದಳು. ಮ್ಯಾನೇಜರ್ ಹೋಗಿ ಲಾರಿಯಿಂದ ಮೂಟೆಗಳನ್ನೆಲ್ಲ ಇಳಿಸಲು ಹೇಳಿದರು.

ಅವಸರಪ್ಪನ ಮುಖ ಹಿಡಿಯಷ್ಟಾಗಿತ್ತು. "ನನ್ನ ಸಹಿ ಅಕ್ಕಾ..."

"ನಾನೂ ಒಂದು ಸಲ ಹೀಗೇ ಸೊನ್ನೆ ಬರೆದೋಳೇ. ಪುಣ್ಯಕ್ಕೆ ಪುಡಿ ಗೋದಾಮು ದಾಟಿರಲಿಲ್ಲ. ಹೋಗು, ಮುಖ ತೊಳ್ಕೊ."

ಮಾರನೇ ದಿನ ಅವಳು ಬಂದಾಗ ಅವನು ಬೆಚ್ಚನೆ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

"ಏನೋ, ತೊಟ್ಟಿಲು ತೂಗ್ತಿದ್ಯಾ?"

"ಮೆಲ್ಲಗೆ ಮಾತಾಡಿ ಅಕ್ಕ," ಅಂದ. "ಇನ್ನೂ ಎರಡು ಗಂಟೆ ಮಲಗಬೇಕು ಅವು."