ಮೂಗುಮುರುಕಿಯ ಸ್ಲೇಟು

ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಆ ಲ್ಯಾಬಿನಲ್ಲಿ ಅವಳಿಗೆ ಬೆನ್ನ ಹಿಂದೆ ಇದ್ದ ಹೆಸರು ಮೂಗುಮುರುಕಿ. ಅದು ಅವಳಿಗೂ ಗೊತ್ತಿತ್ತು. "ಮುರಿಯೋಕೆ ನನಗೆ ಮೂಗಾದ್ರೂ ಇದೆ, ಇವರಿಗೆ ಅದೂ ನೆಟ್ಟಗಿಲ್ಲ" ಎಂದು ಆ ಹೆಸರಿಗೂ ಒಂದು ಸಲ ಮೂಗು ಮುರಿದು ಸುಮ್ಮನಾಗಿದ್ದಳು. ಐವತ್ತು ದಾಟಿದ್ದರೂ ಮದುವೆಯ ಗೋಜಿಗೆ ಹೋದವಳಲ್ಲ. ಊರ ಗಂಡಸರ ದವಡೆಗಳನ್ನೆಲ್ಲ ಅಂಗೈಯಲ್ಲಿಟ್ಟು ನೋಡಿದ ಮೇಲೆ ಅವರ ಬಗ್ಗೆ ಭ್ರಮೆ ಉಳಿಯುವುದು ಕಷ್ಟ ಎನ್ನುತ್ತಿದ್ದಳು.

ಅವಳ ಕೆಲಸ ಕಾಯುವ ಕೆಲಸ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು ಅದು ಗಟ್ಟಿಯಾಗುವವರೆಗೆ ಕಾಯಬೇಕು. ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಅದರಲ್ಲಿ ಹಲ್ಲು ಕೂರಿಸಿ, ಮೇಣವಿದ್ದ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ ಬಿಸಿನೀರಿನಲ್ಲಿ ಬೇಯಿಸುವಾಗಂತೂ ಕಾದೂ ಕಾದೂ ಸಾಕಾಗುತ್ತದೆ. ಆ ಹೊತ್ತಿನಲ್ಲಿ ಉಳಿದವರು ಫೋನಿನೊಳಗೆ ಮುಖ ಹುದುಗಿಸಿಕೊಂಡು ಕೂರುತ್ತಿದ್ದರು. ಅವಳು ಕಾದಂಬರಿ ಓದುತ್ತಿದ್ದಳು. ತೆಳ್ಳಗಿನ ಪುಸ್ತಕವೆಂದರೆ ಅವಳಿಗೆ ಆಗದು. "ಪ್ಲಾಸ್ಟರ್ ಒಣಗೋದ್ರೊಳಗೆ ಮುಗಿದುಹೋಗೋದು ಪುಸ್ತಕಾನಾ?"

ಪುಸ್ತಕಗಳು ಬಡಾವಣೆಯ ಲೈಬ್ರರಿಯಿಂದ ಬರುತ್ತಿದ್ದವು. ಅಲ್ಲಿನ ಲೈಬ್ರರಿಯನ್ ವಯಸ್ಸಾದ, ಬೆತ್ತದಂತೆ ಸೆಟೆದುಕೊಂಡ ಮನುಷ್ಯ. ಮೊದಲು ಒಂದೆರಡು ಮಾತಾದರೂ ಆಡುತ್ತಿದ್ದವನು ಈಚೆಗೆ ತುಟಿ ಬಿಗಿದುಕೊಂಡು ಬರೀ ಬೆರಳಲ್ಲೇ ವ್ಯವಹಾರ ನಡೆಸುತ್ತಿದ್ದ. ಅದನ್ನು ಅವಳು ಶುದ್ಧ ಅಹಂಕಾರವೆಂದು ಎಣಿಸಿದ್ದಳು. ಒಂದು ಸಂಜೆ ಅವಳು ಹಿಂದಿರುಗಿಸಿದ ಪುಸ್ತಕವನ್ನು ಅವನು ಮೇಜಿನ ಮೇಲೆ ಬಿಡಿಸಿಟ್ಟ. ಪುಟದ ಮೇಲೆ ಪ್ಲಾಸ್ಟರ್ ಬೆರಳಿನ ಗುರುತು. ಇನ್ನೊಂದು ಪುಟ ತಿರುಗಿಸಿದ. ಅಲ್ಲಿ ಗುಲಾಬಿ ಮೇಣ ಅಂಟಿಕೊಂಡು ಎರಡು ಪುಟ ಒಂದಾಗಿದ್ದವು. ಜಿರಲೆ ತೋರಿಸುವವನಂತೆ ಅದನ್ನು ಪೆನ್ನಿನ ತುದಿಯಿಂದ ತೋರಿಸಿ, "ಸಾಕು" ಎಂದು ಗೊಣಗಿ, ಅವಳ ಕಾರ್ಡನ್ನು ಡ್ರಾಯರಿಗೆ ಹಾಕಿ ಬೀಗ ಜಡಿದ.

"ಪುಸ್ತಕ ಇರೋದು ಓದೋಕೆ. ಗಾಜಿನ ಪೆಟ್ಟಿಗೇಲಿಟ್ಟು ಕೈ ಮುಗಿಯೋಕಲ್ಲ" ಎಂದಳು ಅವಳು.

ಅವನು ಬಾಗಿಲಿನ ಕಡೆ ಬೆರಳು ತೋರಿಸಿದ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಅವಳು ಮೂಗನ್ನು ಇನ್ನೂ ಮೇಲಕ್ಕೆತ್ತಿಕೊಂಡು ಹೊರಬಂದಳಾದರೂ ಮನೆ ತಲುಪುವವರೆಗೆ ಮುಖ ಉರಿಯುತ್ತಲೇ ಇತ್ತು.

ಈ ಸಂಗತಿ ತಂಗಿಯ ಕಿವಿಗೆ ಬಿತ್ತು. ತಂಗಿ ಎರಡು ಬೀದಿ ಆಚೆ ಇದ್ದಳು. ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಉದ್ಯೋಗ. ಲೋಕದಲ್ಲಿ ಸರಿಮಾಡಲಾಗದ್ದು ಏನೂ ಇಲ್ಲ ಎಂದು ನಂಬಿದ ಜೀವ. ಮುಂದಿನ ಭಾನುವಾರ ಅವಳು ಒಂದು ಇ-ರೀಡರ್ ಹಿಡಿದು ಬಂದಳು. ಆಫೀಸಿನಲ್ಲಿ ಯಾವುದೋ ಸಮಾರಂಭಕ್ಕೆ ಕೊಟ್ಟದ್ದಂತೆ. ಬೂದು ಬಣ್ಣದ ತೆಳ್ಳನೆಯ ಹಲಗೆ.

"ಸ್ಲೇಟು" ಎಂದಳು ಅಕ್ಕ, ತೂಕ ನೋಡುತ್ತ. "ಬಳಪ ಎಲ್ಲಿ?"

"ಅಕ್ಕಾ, ಇದರಲ್ಲಿ ಸಾವಿರಾರು ಪುಸ್ತಕ ಹಿಡಿಸುತ್ತೆ. ಮೇಣ ಬಿದ್ರೆ ಒರೆಸಿಬಿಡಬಹುದು. ಒಂದು ಅಕೌಂಟ್ ಮಾಡ್ಕೊ, ಅಷ್ಟೇ."

ಸ್ಲೇಟು ಮೊದಲು ಮನೆಯ ಇಂಟರ್ನೆಟ್ ಎಲ್ಲಿ ಎಂದು ಕೇಳಿತು. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ತಂಗಿ ತನ್ನ ಫೋನಿನಿಂದ ಕೊಡಹೊರಟಳು. ಆಮೇಲೆ ಹೆಸರು ಕೇಳಿತು, ಇಮೇಲ್ ಕೇಳಿತು, ಹುಟ್ಟಿದ ತಾರೀಕು ಕೇಳಿತು, ಬ್ಯಾಂಕ್ ಕಾರ್ಡಿನ ನಂಬರ್ ಕೇಳಿತು.

"ಕಥೆ ಓದೋಕೆ ನಾನು ಯಾವಾಗ ಹುಟ್ಟಿದೆ ಅನ್ನೋದು ಯಾಕೆ ಬೇಕಂತೆ? ನನಗೇನು ಗಂಡು ನೋಡ್ತಾರಾ?"

"ಎಲ್ಲರೂ ಕೊಡ್ತಾರಕ್ಕಾ."

"ಎಲ್ಲರೂ ಹಲ್ಲುಜ್ಜದೆ ಮಲಗ್ತಾರೆ. ಅದಕ್ಕೇ ನನ್ನ ಹೊಟ್ಟೆ ತುಂಬ್ತಿರೋದು."

ಪರದೆಯ ತೀರ ಕೆಳಗೆ, ಯಾರಿಗೂ ಕಾಣದಿರಲಿ ಎಂಬಷ್ಟು ಸಣ್ಣ ಅಕ್ಷರದಲ್ಲಿ, 'ಆಮೇಲೆ ನೋಡೋಣ' ಎಂಬರ್ಥದ ಒಂದು ಸಾಲಿತ್ತು. ಸಣ್ಣದನ್ನು ನೋಡಿ ನೋಡಿಯೇ ಬದುಕಿದವಳು ಅದನ್ನು ಬೆರಳಿನಿಂದ ಒತ್ತಿದಳು. ಸ್ಲೇಟು ಕೇಳುವುದನ್ನು ನಿಲ್ಲಿಸಿ ಬಾಯಿ ಮುಚ್ಚಿಕೊಂಡು ತೆರೆದುಕೊಂಡಿತು. ಒಳಗೆ ಒಂದು ಪುಸ್ತಕವೂ ಇರಲಿಲ್ಲ.

"ನೋಡಿದ್ಯಾ? ಇದರೊಳಗಿನ ಅಂಗಡಿಗೇ ಹೋಗದೆ ಪುಸ್ತಕ ಎಲ್ಲಿಂದ ಬರುತ್ತೆ?" ಎಂದಳು ತಂಗಿ.

ಉತ್ತರ ಅಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. "ಬರುತ್ತೆ ಬಿಡು" ಎಂದು ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡಳು.

ಉತ್ತರ ಬಂದದ್ದು ಚಾರ್ಜ್ ಮಾಡಲು ಹೋದಾಗ. ಲ್ಯಾಬಿನ ಹಳೆಯ ಕಂಪ್ಯೂಟರಿಗೆ ಕೇಬಲ್ ಚುಚ್ಚಿದಳು. ಕಂಪ್ಯೂಟರಿನಲ್ಲಿ ಸ್ಲೇಟಿನ ಹೊಟ್ಟೆಯೇ ತೆರೆದುಕೊಂಡಿತು. ಪೆನ್‌ಡ್ರೈವ್ ಹಾಕಿದಾಗ ಕಾಣುವಂಥದೇ ಫೋಲ್ಡರು, ಒಳಗೆ ಪುಸ್ತಕಗಳಿಗೆಂದು ಇನ್ನೊಂದು ಫೋಲ್ಡರು. ಇಲ್ಲಿಂದೆಳೆದು ಅಲ್ಲಿ ಹಾಕಿದರೆ ಆಯಿತು. ಅಕೌಂಟೂ ಬೇಡ, ಅಂಗಡಿಯೂ ಬೇಡ. ಇಷ್ಟು ಸರಳವಾದದ್ದನ್ನು ಆ ಡಬ್ಬಿಯ ಮೇಲೆ ಎಲ್ಲೂ ಬರೆಯದೆ ಬಚ್ಚಿಟ್ಟವರ ಮೇಲೆ ಅವಳಿಗೆ ಅಸಹ್ಯವಾಯಿತು. ತಂಗಿಯ ಮೇಲೂ ಆಯಿತು, ಯಾಕೆಂದು ತಿಳಿಯದಿದ್ದರೂ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಲೆಂದು ಲೈಬ್ರರಿಯ ಹಿಂದಿನ ಕೋಣೆಯಲ್ಲೊಂದು ಕಂಪ್ಯೂಟರ್ ಇಟ್ಟಿದ್ದರು. ಕಾರ್ಡ್ ಕೇಳುತ್ತಿರಲಿಲ್ಲ. ಆದರೆ ಆ ಬೆರಳಿನವನ ಮುಖ ಯಾರು ನೋಡುತ್ತಾರೆ? ಲ್ಯಾಬಿನಲ್ಲಿ ಹಲ್ಲಿನ ಸೆಟ್‌ಗೆ ಪಾಲಿಶ್ ಹಾಕುವವನನ್ನು ಕಳಿಸಿದಳು. ಎರಡು ಮಕ್ಕಳ ತಂದೆ, ಜನ್ಮದಲ್ಲಿ ಪುಸ್ತಕ ಮುಟ್ಟಿದವನಲ್ಲ. ಅವನು ಕೈಗೆ ಸಿಕ್ಕಿದ್ದನ್ನೆಲ್ಲ ತನ್ನ ಪೆನ್‌ಡ್ರೈವಿಗೆ ಬಾಚಿಕೊಂಡು ಬಂದ. ಜೇನು ಸಾಕಣೆ ಬಂದಿತ್ತು. ಬಾವಿ ತೋಡುವ ಕ್ರಮ ಬಂದಿತ್ತು. ಕೆಲವು ಪುಸ್ತಕ ಬರೀ ಪುಟಗಳ ಫೋಟೋ, ಅಕ್ಷರ ಎಷ್ಟು ಎಳೆದರೂ ದೊಡ್ಡದಾಗಲೊಲ್ಲದು. ಆದರೆ ಇವುಗಳ ನಡುವೆ, ಒಂದು ಬಂದರಿನ ವ್ಯಾಪಾರಿ ಮನೆತನದ ಮೇಲೆ ಯಾರೋ ಪುಣ್ಯಾತ್ಮರು ಬರೆದ ನಾಲ್ಕು ಭಾಗಗಳ ಕಾದಂಬರಿಯೂ ಇತ್ತು.

"ಬಾವಿ ತೋಡೋದು ನಾನೇನು ಓದಿ ಮಾಡ್ಲಿ?"

"ಎಲ್ಲಾ ಪುಸ್ತಕಾನೂ ಒಂದೇ ಥರ ಕಾಣ್ತು ಅಕ್ಕಾ."

"ನಿನಗೆ ಎಲ್ಲಾ ಹಲ್ಲೂ ಒಂದೇ ಥರ ಕಾಣುತ್ತೆ, ಇನ್ನು ಪುಸ್ತಕ ಯಾವ ಲೆಕ್ಕ" ಎಂದಳು. ಬಾವಿಯ ಪುಸ್ತಕವನ್ನೂ ಓದಿ ಮುಗಿಸಿದಳು ಎಂಬುದು ಬೇರೆ ಮಾತು.

ಸ್ಲೇಟಿಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿದಳು. ಪ್ಲಾಸ್ಟರ್ ಕೈಯಲ್ಲೇ ಪುಟ ತಿರುಗಿಸಬಹುದಿತ್ತು. ಅದು ರಿಂಗಾಗುತ್ತಿರಲಿಲ್ಲ, ಗುಂಯ್‌ಗುಡುತ್ತಿರಲಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಹೊಟ್ಟೆ ಹಸಿದಿದೆ ಎನ್ನುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದವರಲ್ಲಿ ಇಷ್ಟು ಮರ್ಯಾದಸ್ಥರು ಯಾರೂ ಇರಲಿಲ್ಲ. ಕಾದಂಬರಿಯ ಮೂರನೆಯ ಭಾಗದ ಹೊತ್ತಿಗೆ ಆ ಮನೆಯ ದೊಡ್ಡ ಮಗಳು ಅಪ್ಪನೊಡನೆ ಜಗಳವಾಡಿ ಹಡಗು ಹತ್ತಿ ಹೋಗಿದ್ದಳು. ಅವಳು ಮರಳಿ ಬರುತ್ತಾಳೋ ಇಲ್ಲವೋ ಎಂಬ ಯೋಚನೆಯಲ್ಲಿ ಮೂಗುಮುರುಕಿ ಒಂದು ದವಡೆಗೆ ಕೋರೆಹಲ್ಲನ್ನು ತಿರುವುಮುರುವಾಗಿ ಕೂರಿಸಿ, ಕಿತ್ತು ಮತ್ತೆ ಕೂರಿಸಿದ್ದೂ ಉಂಟು.

ಹೀಗಿರುವಾಗ ತಂಗಿ ಮತ್ತೆ ಒಳ್ಳೆಯದು ಮಾಡಲು ಬಂದಳು.

ಅಕ್ಕ ಸ್ನಾನಕ್ಕೆ ಹೋಗಿದ್ದಳು. ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಸ್ಲೇಟಿನ ತುಂಬ ಒಂದು ಜಾಹೀರಾತು. ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ ಎಂಬ ಪುಸ್ತಕದ್ದು.

"ಏನಿದು?"

"ನನ್ನ ಅಕೌಂಟೇ ಹಾಕ್ಕೊಟ್ಟೆ ಅಕ್ಕಾ! ನಾನು ಕೊಂಡಿರೋ ಪುಸ್ತಕ ಎಲ್ಲಾ ನೀನೂ ಓದಬಹುದು."

"ನೀನು ಓದಿದ್ದೀಯಾ ಅವನ್ನ?"

ತಂಗಿ ಸ್ಲೇಟಿನ ಅಂಚನ್ನು ಸೆರಗಿನಿಂದ ಒರೆಸತೊಡಗಿದಳು.

"ನನಗೆ ಆತ್ಮವಿಶ್ವಾಸ ಮಾರೋಕೆ ಬಂದಿದ್ದಾನಲ್ಲ, ಎಷ್ಟು ಧೈರ್ಯ ಇವನಿಗೆ! ತೆಗಿ ಇದನ್ನ. ಮೊದಲಿದ್ದ ಹಾಗೆ ಮಾಡು."

ಅಕ್ಕನ ದನಿಗೆ ಬೆದರಿ ತಂಗಿ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. 'ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡಲೇ' ಎಂದು ಸ್ಲೇಟು ಕೇಳಿದಾಗ, ಮೊದಲಿನಂತೆ ಎಂಬುದನ್ನಷ್ಟೇ ಓದಿ ಹೂಂ ಎಂದಳು. ಸ್ಲೇಟು ತನ್ನ ಹುಟ್ಟಿದ ದಿನಕ್ಕೆ ಮರಳಿತು. ಬಂದರು, ಹಡಗು, ಹೊರಟುಹೋದ ಮಗಳು, ಬಾವಿ, ಜೇನು, ಎಲ್ಲ ಗುಡಿಸಿ ಸಾರಿಸಿದಂತೆ ಹೋದವು.

"ಹೋದ್ರೆ ಹೋಗ್ಲಿ ಬಿಡಕ್ಕಾ, ಹೊಸಾದು ಕೊಂಡ್ಕೊಡ್ತೀನಿ."

"ಆ ಹುಡುಗಿ ವಾಪಸ್ ಬಂದ್ಲಾ ಇಲ್ವಾ ಅಂತ ನಿನ್ನ ಅಂಗಡಿಯವನು ಹೇಳ್ತಾನಾ? ನಿನಗೆ ಓದೋಕೆ ಬರಲ್ಲ, ಕೊಳ್ಳೋಕೆ ಮಾತ್ರ ಬರುತ್ತೆ. ಓದೋರ ಮನೆಗೆ ಬಂದು ಕೈಯಾಡಿಸಬೇಡ."

ತಂಗಿಯ ಕಣ್ಣು ತುಂಬಿ ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು. ಅಕ್ಕ ಬಾಗಿಲು ಹಾಕಿಕೊಂಡಳು.

ಪಾಲಿಶ್ ಹಾಕುವವನ ಪೆನ್‌ಡ್ರೈವಿನಲ್ಲಿ ಈಗ ಸಿನಿಮಾ ಹಾಡುಗಳಿದ್ದವು. ಬೇರೆ ದಾರಿ ಇರಲಿಲ್ಲ. ಎರಡು ದಿನ ಬಿಗುಮಾನದಿಂದ ತಡೆದುಕೊಂಡವಳು ಮೂರನೆಯ ದಿನ ತಾನೇ ಲೈಬ್ರರಿಗೆ ಹೋದಳು.

ಹಿಂದಿನ ಕೋಣೆಯಲ್ಲಿ ಲೈಬ್ರರಿಯನ್ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಅವನ ಬೆರಳು ಆಗಲೇ ಬಾಗಿಲಿನ ಕಡೆ ಏಳುತ್ತಿತ್ತು. ಅವಳು ಪ್ಲಾಸ್ಟಿಕ್ ಚೀಲ ಸಮೇತ ಸ್ಲೇಟನ್ನು ಎತ್ತಿ ತೋರಿಸಿದಳು.

"ಇದಕ್ಕೆ ಮೇಣ ಅಂಟಲ್ಲ. ಬಂದರಿನ ಕಾದಂಬರಿ ನಾಲ್ಕೂ ಭಾಗ ಹಾಕಿಕೊಡಿ."

ಅವನಿಗೆ ಆಶ್ಚರ್ಯವಾಗಿರಬೇಕು. "ಅದನ್ನ ಓದ್ತಿ…" ಎಂದು ಬಾಯಿ ತೆರೆದ. ತೆರೆದದ್ದೇ ತಪ್ಪಾಯಿತು. ಮೇಲಿನ ಹಲ್ಲಿನ ಸಾಲು ಟಕ್ ಎಂದು ಕೆಳಗಿಳಿಯಿತು. ಅವನು ನಾಲಿಗೆಯಿಂದ ಅದನ್ನು ಮೇಲಕ್ಕೆ ಒತ್ತಿ, ತುಟಿ ಬಿಗಿದು, ಕಿವಿಯವರೆಗೂ ಕೆಂಪಾದ.

ಮೂಗುಮುರುಕಿಗೆ ಕಾದಂಬರಿ ಮರೆತುಹೋಯಿತು. "ಯಾರ್ರೀ ಮಾಡಿದ್ದು ಇದನ್ನ? ಕುದುರೆಗೆ ಅಂತ ಮಾಡಿದ್ದಾ? ತೆಗೀರಿ ಆಚೆ."

"ಏನು?"

"ತೆಗೀರಿ ಅಂದೆ. ನಾನು ದಿನಾ ನೋಡೋದು ಇದನ್ನೇ. ನಾಚಿಕೆ ಬೇಡ."

ಅವನು ಗೋಡೆಯ ಕಡೆ ತಿರುಗಿ, ಕರವಸ್ತ್ರದಲ್ಲಿಟ್ಟು ಕೊಟ್ಟ. ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ಇಷ್ಟು ಕಳಪೆ ಕೆಲಸ ಮಾಡಿದ ಬೇವಾರ್ಸಿ ಯಾರೆಂದು ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಕೋರೆಹಲ್ಲಿನ ಮೇಲೆ ಒಸಡಿಗೆ ಕೊಟ್ಟ ಆ ಸಣ್ಣ ಉಬ್ಬು, ಅದರ ಪಕ್ಕದ ತೆಳು ಗೆರೆ. ಅದು ಅವಳದೇ ಕೈ.

ನೆನಪೂ ಆಯಿತು. ಅಚ್ಚು ಬಂದಾಗಲೇ ಒಂದು ಕಡೆ ಎಳೆದು ಸೊಟ್ಟಗಾಗಿತ್ತು. ಬೇರೆ ಕಳಿಸಿ ಎಂದು ದಂತವೈದ್ಯನಿಗೆ ಫೋನ್ ಮಾಡಬೇಕಿತ್ತು. ಆ ದಂತವೈದ್ಯನೊಡನೆ ಮಾತಾಡುವುದೇ ತನ್ನ ಘನತೆಗೆ ಕಡಿಮೆ ಎಂದುಕೊಂಡು, ಯಾವನೋ ಮುದುಕ, ಹೇಗೋ ಅಗಿದುಕೊಳ್ಳಲಿ ಎಂದು ಅದರ ಮೇಲೇ ಕಟ್ಟಿ ಕಳಿಸಿದ್ದಳು.

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳುವವರನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ.

"ನಾನೇ ಮಾಡಿದ್ದು" ಎಂದಳು.

ಅವನು ಗೋಡೆಯಿಂದ ಇತ್ತ ತಿರುಗಿದ. ಬೊಚ್ಚುಬಾಯಿಯಲ್ಲಿ ಮಾತು ಮೆತ್ತಗೆ ಬಂತು. "ನಿಮ್ಮ ಮೇಣ ನನ್ನ ಪುಸ್ತಕದಲ್ಲಿ, ನಿಮ್ಮ ಹಲ್ಲು ನನ್ನ ಬಾಯಲ್ಲಿ. ಇನ್ನೇನು ಬಾಕಿ ಇಟ್ಟಿದ್ದೀರಿ?"

"ಹೊಸದು" ಎಂದು ಅವಳು ಕರವಸ್ತ್ರವನ್ನು ಮತ್ತೆ ಸುತ್ತಿ ಅವನ ಕೈಗಿಟ್ಟಳು.

ಮರುದಿನ ಅವಳೇ ಅವನನ್ನು ಆ ದಂತವೈದ್ಯನ ಬಳಿ ಕರೆದುಕೊಂಡು ಹೋಗಿ, "ಈ ಸಲ ಅಚ್ಚು ನೆಟ್ಟಗೆ ತೆಗೀರಿ, ಫೋನ್‌ನಲ್ಲಿ ಮಾತಾಡ್ತಾ ತೆಗೀಬೇಡಿ" ಎಂದು ಕುರ್ಚಿಯ ಪಕ್ಕದಲ್ಲೇ ನಿಂತಳು. ದಂತವೈದ್ಯ ಗುರುಗುಟ್ಟಿದರೂ ನೆಟ್ಟಗೇ ತೆಗೆದ. ಹೊಸ ಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ತಾನೊಬ್ಬಳೇ ಮಾಡಿದಳು. ಪಾಲಿಶ್ ಹಾಕುವವನಿಗೂ ಮುಟ್ಟಗೊಡಲಿಲ್ಲ. ಅದು ಬೇಯುವಾಗ ಓದಲು ಏನೂ ಇಲ್ಲದೆ ನೀರನ್ನೇ ನೋಡುತ್ತ ಕೂತಿದ್ದಳು.

ಹೊಸ ಹಲ್ಲು ಕೂತವು, ಮೇಣದಲ್ಲಿ ಒತ್ತಿದಂತೆ. ಅವನು ಅವಳ ಸ್ಲೇಟಿಗೆ ನಾಲ್ಕೂ ಭಾಗ ಹಾಕಿಕೊಟ್ಟ. ಹಾಕಿಕೊಡುವಾಗ ಕೇಳಿದ, "ಇಂಟರ್ನೆಟ್ ಇಲ್ಲ ಅಂತೀರಿ. ಹಾಗಾದ್ರೆ ನೀವೇನು ಓದ್ತೀರಿ ಅಂತ ಇದು ಯಾರಿಗೂ ಹೇಳಲ್ಲ?"

"ಹೇಳಲ್ಲ. ನಿಮ್ಮ ಹಾಗೆ ನಾಲ್ಕು ಜನರ ಮುಂದೆ ಪುಟ ತಿರುಗಿಸಿ ತೋರಿಸೋದೂ ಇಲ್ಲ."

ಅವನು ನಕ್ಕ. ಅಷ್ಟು ತಿಂಗಳು ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿದ್ದೇ ಬಿಚ್ಚಿದ್ದು, ಅವನಂಥ ವಾಚಾಳಿ ಊರಲ್ಲೇ ಇಲ್ಲವೆಂದು ಅವಳಿಗೆ ಆಗ ತಿಳಿಯಿತು. ಲೈಬ್ರರಿಯ ಛಾವಣಿ, ತನ್ನ ಮಂಡಿ, ಬೆಕ್ಕುಗಳ ಗುಣ, ಎಲ್ಲದರ ಮೇಲೂ ಭಾಷಣ. ಇಂಥವನ ಬಾಯಿಗೆ ತಾನೇ ಕೈಯಾರೆ ಹಲ್ಲು ಕಟ್ಟಿಕೊಟ್ಟೆನಲ್ಲ ಎಂದು ಅವಳು ಹಣೆ ಚಚ್ಚಿಕೊಳ್ಳುವ ಹೊತ್ತಿಗೆ ಅವನು ಹೇಳಿಯೇಬಿಟ್ಟ: "ಆ ದೊಡ್ಡ ಮಗಳು ವಾಪಸ್ ಬರೋದೇ ಇಲ್ಲ ನೋಡಿ. ನನಗಂತೂ ಬಹಳ ಬೇಜಾರಾಯ್ತು."

ಅವಳು ಸ್ಲೇಟನ್ನು ಕಿತ್ತುಕೊಂಡು ಹೊರಬಂದಳು.

ಆ ಭಾನುವಾರ ತಂಗಿ ಬರಲಿಲ್ಲ. ಅದರ ಮುಂದಿನ ಭಾನುವಾರ ಅಕ್ಕನೇ ಅವಳ ಮನೆಗೆ ಹೋದಳು. ತಪ್ಪಾಯಿತು ಎನ್ನಲಿಲ್ಲ. "ನಿನ್ನ ಅಕೌಂಟ್‌ನಲ್ಲಿ ಒಳ್ಳೇದು ಒಂದಾದ್ರೂ ಇದೆಯಾ ತೋರಿಸು" ಎಂದು ಸೋಫಾದ ಮೇಲೆ ಕೂತಳು. ತಂಗಿ ಮುಖ ಊದಿಸಿಕೊಂಡೇ ಟೀ ತಂದಿಟ್ಟು, ಫೋನ್ ತೆಗೆದು ಪಕ್ಕದಲ್ಲಿ ಕೂತು ತೋರಿಸಿದಳು. ಅಕ್ಕ ಒಂದೊಂದಕ್ಕೂ ಮೂಗು ಮುರಿದಳು. ನಾಲ್ಕನೆಯದಕ್ಕೆ ತಂಗಿಗೂ ನಗು ಬಂತು.

ಕಾದಂಬರಿಯನ್ನು ಅವಳು ಬಿಡಲಿಲ್ಲ. ಹಾಳಾದವನು ಕೊನೆ ಹೇಳಿಬಿಟ್ಟಿದ್ದಾನೆ ಎಂದು ಶಪಿಸುತ್ತಲೇ ಓದಿದಳು. ನಾಲ್ಕನೆಯ ಭಾಗದ ಕಡೆಯಲ್ಲಿ, ಅಪ್ಪ ಸತ್ತು ಮನೆ ಬೇರೆಯವರ ಪಾಲಾದ ಮೇಲೆ, ಬಂದರಿನಲ್ಲಿ ಬಲೆ ಹೊಲಿಯುವ ನರೆಗೂದಲಿನ ಹೆಂಗಸೊಬ್ಬಳು ಬರುತ್ತಾಳೆ. ಅವಳ ಹೆಸರನ್ನು ಕಥೆಗಾರ ಎಲ್ಲೂ ಹೇಳುವುದಿಲ್ಲ. ಆದರೆ ಅವಳು ಆ ಮನೆಯ ಗೇಟನ್ನು ಹೊರಗಿನವರು ತಳ್ಳುವಂತೆ ತಳ್ಳದೆ, ಸ್ವಲ್ಪ ಮೇಲಕ್ಕೆತ್ತಿ ತೆರೆಯುತ್ತಾಳೆ. ಅಷ್ಟೇ ಬರೆದಿದೆ.

ಮೂಗುಮುರುಕಿ ಆ ಪುಟವನ್ನು ಎರಡು ಸಲ ಓದಿದಳು. ಆ ಗೇಟಿನ ಗುಟ್ಟು ಮನೆಮಗಳಿಗಲ್ಲದೆ ಇನ್ಯಾರಿಗೆ ಗೊತ್ತು? ಬಂದಿದ್ದಾಳೆ! ಈ ಮನುಷ್ಯ ಓದಿದ್ದಾನಂತೆ ಓದಿದ್ದಾನೆ, ಕಣ್ಣೆಲ್ಲಿಟ್ಟುಕೊಂಡು ಓದಿದನೋ! ಕುದಿಯುವ ನೀರಿನಲ್ಲಿದ್ದ ದವಡೆಗಳನ್ನು ಪಾಲಿಶ್ ಹಾಕುವವನಿಗೆ ಒಪ್ಪಿಸಿ, ಕೈ ತೊಳೆಯದೆ, ಸ್ಲೇಟನ್ನು ಚೀಲದಲ್ಲಿ ಹಾಕಿಕೊಂಡು, ಅವನಿಗೆ ಛೀಮಾರಿ ಹಾಕಲು ಬಿರಬಿರನೆ ಲೈಬ್ರರಿಯ ದಾರಿ ಹಿಡಿದಳು.